ಶಿಳ್ಳೆ ಪಟ್ಟಿ

ನಂಜನಗೂಡು ಬಸ್ ಸ್ಟ್ಯಾಂಡಿನ ಎದುರಿಗಿರುವ ಗಂಗಾಧರಸ್ವಾಮಿಯ ಅಂಗಡಿಯಲ್ಲಿ ಈಗ ಜೆರಾಕ್ಸು, ರೀಚಾರ್ಜು. ಮೂವತ್ತು ವರ್ಷದ ಹಿಂದೆ ಅದು ಎಸ್‌ಟಿಡಿ ಬೂತು. ಹತ್ತಿರದ ಹೆಡತಲೆ ಊರಿನಿಂದ ಬಂದು ಬೂತು ಹಾಕಿದ ಈ ಮನುಷ್ಯನಿಗೆ ರಾಂಗ್ ನಂಬರ್ ಕಂಡರೆ ಮೈ ಉರಿಯುತ್ತಿತ್ತು. ಗಿರಾಕಿ ತಪ್ಪು ನಂಬರ್ ತಂದರೆ ಡೈರೆಕ್ಟರಿ ತೆಗೆದು ಹುಡುಕಿ, ಸರಿಯಾದದ್ದನ್ನು ಬರೆದುಕೊಟ್ಟು, ಜೊತೆಗೆ ನಾಲ್ಕು ಮಾತು ಬೈದು ಕಳಿಸುತ್ತಿದ್ದ. ಬೈಸಿಕೊಂಡವರೂ ಮತ್ತೆ ಅವನ ಬೂತಿಗೇ ಬರುತ್ತಿದ್ದರು.

ತೊಂಬತ್ತಮೂರರಲ್ಲಿ ಹಾಗೆ ಬಂದವನು ಚೆಲುವಯ್ಯ. ತಿ. ನರಸೀಪುರದಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇಟ್ಟುಕೊಂಡಿದ್ದ. ಆಗಷ್ಟೇ ಒಂದು ಕಂಪ್ಯೂಟರನ್ನೂ ಅದನ್ನು ಫೋನ್ ತಂತಿಗೆ ಸೇರಿಸುವ ಮೋಡೆಮ್ಮನ್ನೂ ತಂದಿದ್ದ. ಪತ್ರಿಕೆಯಿಂದ ಹರಿದುಕೊಂಡ ಹಾಳೆಯಲ್ಲಿದ್ದ ಹತ್ತು ನಂಬರುಗಳನ್ನು ಅಂದು ಬೂತಿನಲ್ಲಿ ಒಂದೊಂದಾಗಿ ಒತ್ತಿ ನೋಡಿದ. ಆರು ಸತ್ತಿದ್ದವು. ಮೂರರಲ್ಲಿ ಯಾರೋ ಮನೆಯವರು ಎತ್ತಿಕೊಂಡು ಉಗಿದರು. ಕೊನೆಯದರಲ್ಲಿ ಮಾತ್ರ ಕಿವಿ ಕೊರೆಯುವ ಹಾಗೆ ಶಿಳ್ಳೆ ಬಂತು.

"ಇದೇನ್ರೀ, ಮನುಷ್ಯರೇ ಇಲ್ವಲ್ಲ?" ಎಂದ ಗಂಗಾಧರಸ್ವಾಮಿ.

"ಅವ್ರೆ ಸ್ವಾಮಿ. ಆ ಶಿಳ್ಳೆ ಇಂದ್ಗಡೆ ಅವ್ರೆ," ಎಂದು ನಕ್ಕ ಚೆಲುವಯ್ಯ.

ಇಂಟರ್ನೆಟ್ಟು ನಮ್ಮ ಕಡೆ ಇನ್ನೂ ಕಾಲಿಡದ ಕಾಲ. ಹುಚ್ಚು ಹತ್ತಿದ ಕೆಲವರು ತಮ್ಮ ಮನೆಯ ಕಂಪ್ಯೂಟರನ್ನು ಫೋನಿಗೆ ಕಟ್ಟಿ, ಯಾರು ಬೇಕಾದರೂ ಒಳಗೆ ಬರಲಿ ಎಂದು ತೆರೆದಿಡುತ್ತಿದ್ದರು. ಅದಕ್ಕೆ ಬುಲೆಟಿನ್ ಬೋರ್ಡು ಎನ್ನುತ್ತಿದ್ದರು. ಆ ನಂಬರಿಗೆ ಫೋನು ಬಂದರೆ ಮನುಷ್ಯರ ಬದಲು ಮೋಡೆಮ್ಮೇ ಎತ್ತಿಕೊಂಡು ಶಿಳ್ಳೆ ಹಾಕುತ್ತಿತ್ತು. ಇನ್ನೊಂದು ಊರಿನವನು ತನ್ನ ಕಂಪ್ಯೂಟರಿನಿಂದ ಆ ನಂಬರಿಗೆ ಫೋನ್ ಹಚ್ಚಿ, ಅಲ್ಲಿದ್ದ ಕಾಗದಗಳನ್ನು ಓದಿ, ತನ್ನದೊಂದು ಬರೆದಿಟ್ಟು ಹೋಗುವುದು. ಒಂದು ಸಲಕ್ಕೆ ಒಬ್ಬನಿಗೇ ಜಾಗ. ಕಷ್ಟವೆಂದರೆ ಇಂಥ ಬೋರ್ಡುಗಳು ಇವತ್ತು ಹುಟ್ಟಿ ನಾಳೆ ಮುಚ್ಚುತ್ತಿದ್ದವು, ಅವುಗಳ ನಂಬರು ಮತ್ಯಾರದೋ ಮನೆಗೆ ಹೋಗುತ್ತಿತ್ತು. ಪತ್ರಿಕೆಯವರು ಹಳೆಯ ಪಟ್ಟಿಯನ್ನೇ ಅಚ್ಚು ಹಾಕುತ್ತಿದ್ದರು.

ಗಂಗಾಧರಸ್ವಾಮಿಗೆ ಇದನ್ನು ಸಹಿಸಲಾಗಲಿಲ್ಲ. ಕಂಪ್ಯೂಟರ್ ಮುಟ್ಟಿ ಗೊತ್ತಿಲ್ಲದವನು ದೇಶದ ಬೋರ್ಡುಗಳಿಗೆಲ್ಲ ಡೈರೆಕ್ಟರಿ ಮಾಡಲು ಕೂತ. ಭಾನುವಾರ ಗಿರಾಕಿ ಕಡಿಮೆ. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು ಬೂತಿನೊಳಗೆ ಸೇರಿದರೆ ಮುಂಬಯಿ, ಪುಣೆ, ಕಲ್ಕತ್ತಾ ಎಂದು ನಂಬರ್ ಒತ್ತುವುದು, ಶಿಳ್ಳೆ ಕೇಳುವುದು, ನೋಟ್‌ಬುಕ್ಕಿನಲ್ಲಿ ಗುರುತು ಹಾಕುವುದು. ಅವನದೊಂದು ಕಟ್ಟುನಿಟ್ಟು ಇತ್ತು: ಮೂರು ಬೇರೆ ಬೇರೆ ಭಾನುವಾರ ತನ್ನ ಕಿವಿಯಿಂದ ಶಿಳ್ಳೆ ಕೇಳದೆ ಯಾವ ನಂಬರನ್ನೂ ಪಟ್ಟಿಗೆ ಸೇರಿಸುವಂತಿಲ್ಲ. ಒಂದು ಭಾನುವಾರ ಮನುಷ್ಯರ ದನಿ ಕೇಳಿದರೆ ಕ್ಷಮೆ ಕೇಳಿ ಫೋನಿಟ್ಟು, ಆ ನಂಬರನ್ನು ಅಲ್ಲೇ ಹೊಡೆದುಹಾಕುತ್ತಿದ್ದ.

ಗುರುತು ಬಿದ್ದ ನಂಬರುಗಳನ್ನು ತೆಗೆದುಕೊಂಡು ಹೋಗಿ ಆ ಬೋರ್ಡುಗಳ ಒಳಹೊಕ್ಕು ನೋಡಿ, ಯಾರು ನಡೆಸುತ್ತಾರೆ, ಅಲ್ಲಿ ಏನಿದೆ ಎಂದು ಟೈಪು ಮಾಡುವುದು ಚೆಲುವಯ್ಯನ ಪಾಲು. ಮೂರು ತಿಂಗಳಿಗೊಮ್ಮೆ ಪಟ್ಟಿ ಬೆಂಗಳೂರಿನ ರಾಮಯ್ಯ ಎಂಬವರ ಬೋರ್ಡಿಗೆ ಹೋಗುತ್ತಿತ್ತು. ಅಲ್ಲಿಂದ ಊರೂರಿಗೆ. ಪಟ್ಟಿಯ ಮೇಲ್ಗಡೆ ಮೊದಲು ಗಂಗಾಧರಸ್ವಾಮಿಯ ಹೆಸರು, ಆಮೇಲೆ ಚೆಲುವಯ್ಯನದು. ಹಾಗೆ ಹಾಕಿದವನು ಚೆಲುವಯ್ಯನೇ. ತಪ್ಪಿದ್ದರೆ ತಿಳಿಸಿ ಎಂಬ ಸಾಲಿನ ಕೆಳಗೆ ಅಂಗಡಿಯ ವಿಳಾಸ ಹಾಕೋಣವೆಂದು ಗಂಗಾಧರಸ್ವಾಮಿ ಹೇಳಿದ್ದುಂಟು. "ಬೋರ್ಡ್ನಾಗೆ ಅಂಗೆಲ್ಲ ಪೋಸ್ಟ್ ಅಡ್ರೆಸ್ ಆಕಲ್ಲ ಕಣ್ಲಾ. ಬರಾದೆಲ್ಲ ನಂಗೇ ಬತ್ತದೆ, ನಾ ತಂದು ಕೊಡ್ತೀನಿ," ಎಂದ ಚೆಲುವಯ್ಯ. ಸ್ನೇಹಿತನ ಮಾತು, ಆಯಿತು ಎಂದುಬಿಟ್ಟ. ಜನ್ಮದಲ್ಲಿ ಅವನು ಪರೀಕ್ಷೆ ಮಾಡದೆ ಒಪ್ಪಿಕೊಂಡದ್ದು ಅದೊಂದೇ.

ಪ್ರತಿ ಸಲ ಚೆಲುವಯ್ಯ ಬಂದಾಗಲೂ ಗಂಗಾಧರಸ್ವಾಮಿ ಕೇಳುತ್ತಿದ್ದ: "ಯಾರಾದ್ರೂ ಬರೆದ್ರೇನ್ಲಾ?"

"ಇಲ್ಲ ಕಣ್ಲಾ. ನೋಡ್ತಾರೆ, ಓಯ್ತಾರೆ. ಯಾರ್ ಬರೀತಾರೆ?"

ನಾಲ್ಕು ವರ್ಷ ಕೇಳಿದ. ಹೊಗಳಿಕೆಯೇನೂ ಬೇಕಿರಲಿಲ್ಲ ಅವನಿಗೆ. ಪಟ್ಟಿಯಿಂದ ಒಬ್ಬನಿಗಾದರೂ ಉಪಯೋಗವಾಯಿತೇ ಎಂದು ತಿಳಿದರೆ ಸಾಕಿತ್ತು. ತೊಂಬತ್ತೇಳರಲ್ಲಿ ನೋಟ್‌ಬುಕ್ಕು ಮಡಚಿಟ್ಟ. "ಯಾರಿಗೂ ಬೇಡದ್ದಕ್ಕೆ ನಾನ್ಯಾಕೆ ಕಿವಿ ಹಾಳು ಮಾಡ್ಕೊಳ್ಲಿ," ಎಂದು ಹೆಂಡತಿ ಮಂಗಳಮ್ಮನಿಗೆ ಹೇಳಿದ. ಆಮೇಲೆ ಯಾರಾದರೂ ಆ ಪಟ್ಟಿಯ ಮಾತೆತ್ತಿದರೆ ತಾನೇ ಮೊದಲು ನಗುತ್ತಿದ್ದ, ಅದೊಂದು ದಡ್ಡತನ ಎನ್ನುತ್ತಿದ್ದ. ಚೆಲುವಯ್ಯನ ಸ್ನೇಹ ಮಾತ್ರ ಹಾಗೇ ಉಳಿಯಿತು. ಮಗಳ ಮದುವೆಯಲ್ಲಿ ಬಡಿಸಲು ನಿಂತವನು ಅವನೇ.

ಹೋದ ತಿಂಗಳು ಮೈಸೂರಿನಿಂದ ನಂದಿತಾ ಎಂಬ ಸಂಶೋಧಕಿ ಅಂಗಡಿ ಹುಡುಕಿಕೊಂಡು ಬಂದಳು. ಆ ಕಾಲದ ಬೋರ್ಡುಗಳ ಮೇಲೆ ಪ್ರಬಂಧ ಬರೆಯುತ್ತಿದ್ದಳು. ರಾಮಯ್ಯನವರ ಮಗಳು ಅಪ್ಪನ ಹಳೆಯ ಡಿಸ್ಕುಗಳನ್ನೆಲ್ಲ ಅವಳ ಕೈಗೆ ಕೊಟ್ಟಿದ್ದರಂತೆ.

"ಸರ್, ಇವಕ್ಕೆ ನೀವು ಒಂದಕ್ಕೂ ಯಾಕೆ ಉತ್ತರ ಬರೆಯಲಿಲ್ಲ?" ಎಂದು ಕೇಳಿ, ಪ್ರಿಂಟು ತೆಗೆದ ಕಟ್ಟೊಂದನ್ನು ಮುಂದಿಟ್ಟಳು.

"ಯಾವಕ್ಕೆ ತಾಯಿ?"

ನಲವತ್ತೊಂದು ಕಾಗದ. ಎಲ್ಲ ಗಂಗಾಧರಸ್ವಾಮಿಗೆ ಬಂದವು. ಕೊನೆಯದೊಂದು ಬಿಟ್ಟು ಎಲ್ಲದರ ಕೆಳಗೂ ಒಂದೇ ಬಗೆಯ ಉತ್ತರ: ಅವರಿಗೆ ಇಂಗ್ಲಿಷ್ ಬಾರದು, ನಾನು ತಲುಪಿಸುತ್ತೇನೆ, ಇಂತಿ ಚೆಲುವಯ್ಯ.

ನಂದಿತಾ ಹೋದ ಮೇಲೆ ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ಅಕ್ಷರ ಕೂಡಿಸಿಕೊಂಡು ನಾಲ್ಕು ದಿನ ಓದಿದ. ಮೊದಲ ದಿನ ಖುಷಿಯೇ ಆಯಿತು, ನಾಚಿಕೆ ಬಿಟ್ಟು ಅಂಗಡಿಯಲ್ಲೇ ಅತ್ತ. ಎರಡನೆಯ ದಿನದಿಂದ ಓದಿದ್ದನ್ನೇ ಮತ್ತೆ ಮತ್ತೆ ಓದತೊಡಗಿದ. ಊಟ ಸೇರಲಿಲ್ಲ. "ಏನಾಗದೆ ನಿಮ್ಗೆ?" ಎಂದು ಮಂಗಳಮ್ಮ ಕೇಳಿದರೆ, "ಮೋಸ ಆಗದೆ ಕಣೆ," ಎಂದಷ್ಟೇ ಅಂದ. ಐದನೆಯ ದಿನ ಕಟ್ಟು ಹಿಡಿದು ನರಸೀಪುರದ ಬಸ್ಸು ಹತ್ತಿದ.

ಚೆಲುವಯ್ಯ ಜಗಲಿಯ ಮೇಲೆ ಪೇಪರ್ ಓದುತ್ತಿದ್ದ. "ಬಾರ್ಲಾ ಗಂಗಾ, ಏನ್ ಏಳ್ದೆ ಕೇಳ್ದೆ ಬಂದ್ಬುಟ್ಟೆ," ಎಂದವನು, ಕಟ್ಟಿನ ಮೇಲಿನ ಹಾಳೆ ನೋಡಿ ಪೇಪರನ್ನು ಪಕ್ಕಕ್ಕಿಟ್ಟ.

"ತಲುಪಿಸ್ತೀನಿ ಅಂತ ಬರೆದಿದ್ದೀಯ," ಎಂದ ಗಂಗಾಧರಸ್ವಾಮಿ. "ತಲುಪಿಸು. ಓದು."

"ಈಗ್ಯಾಕ್ಲಾ ಅದೆಲ್ಲ..."

"ಓದು."

ಚೆಲುವಯ್ಯ ಕನ್ನಡಕ ಹಾಕಿಕೊಂಡ. ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡದಲ್ಲಿ ಹೇಳುತ್ತ ಹೋದ. ಪುಣೆಯವನೊಬ್ಬ ಬರೆದಿದ್ದ: ನನ್ನ ಬೋರ್ಡು ಮುಚ್ಚಿದ ಮೇಲೆ ಆ ನಂಬರು ಒಬ್ಬ ಅಜ್ಜಿಯ ಮನೆಗೆ ಹೋಗಿತ್ತು, ದಿನವೆಲ್ಲ ಶಿಳ್ಳೆಯ ಫೋನು ಬಂದು ಅವರು ಗೋಳಾಡುತ್ತಿದ್ದರು, ನೀವೊಬ್ಬರೇ ಅದನ್ನು ಪಟ್ಟಿಯಿಂದ ತೆಗೆದಿರಿ, ಅಜ್ಜಿ ನಿಮಗೆ ಆಶೀರ್ವಾದ ಹೇಳಿದ್ದಾರೆ. ಕಲ್ಕತ್ತೆಯವನು ತನ್ನ ಬೋರ್ಡಿನ ಮುಖಪುಟದಲ್ಲೇ ಹಾಕಿಕೊಂಡಿದ್ದ, ನಂಜನಗೂಡಿನವರು ಮೂರು ಸಲ ಕೇಳಿ ಒಪ್ಪಿದ ನಂಬರಿದು ಎಂದು. ಬೆಂಗಳೂರಿನಲ್ಲಿ ಬೋರ್ಡಿನವರೆಲ್ಲ ಸೇರುತ್ತೇವೆ, ನೀವು ಬರಲೇಬೇಕು, ನಿಮ್ಮನ್ನು ನೋಡಬೇಕು ಎಂದು ಒಂದು. ಅದನ್ನು ಓದುವಾಗ ಚೆಲುವಯ್ಯನ ದನಿ ಇಳಿಯಿತು.

"ಆ ಕೂಟಕ್ಕೆ ನೀ ಹೋಗಿದ್ದೆ," ಎಂದ ಗಂಗಾಧರಸ್ವಾಮಿ.

"ಓಗಿದ್ದೆ."

"ನಾನೆಲ್ಲಿ ಅಂತ ಕೇಳಿದ್ರಾ?"

"ಎಲ್ರೂವೆ." ಚೆಲುವಯ್ಯ ಕನ್ನಡಕ ತೆಗೆದ. "ಕಂಪ್ಯೂಟರ್ ನಂದು, ಮೋಡೆಮ್ ನಂದು, ಟೈಪ್ ಮಾಡ್ದೋನು ನಾನು. ಬಂದಿದ್ ಕಾಗ್ದ ಎಲ್ಲ ನಿಂಗೆ. ನನ್ನೆಸ್ರು ಒಬ್ರೂ ಎತ್ನಿಲ್ಲ. ಮೊದುಲ್ನೇದು ಬಂದಾಗ ನಾಳೆ ಕೊಡಾವ ಅಂದ್ಕಂಡೆ. ಅತ್ತಿಪ್ಪತ್ತು ಆದ್ ಮೇಲೆ ಯಾವ್ ಮಕ ಇಟ್ಕಂಡ್ ಕೊಡ್ಲಿ? ಒಟ್ಟೆಕಿಚ್ಚು ಕಣ್ಲಾ, ಇನ್ನೇನ್ ಅಲ್ಲ."

ಗಂಗಾಧರಸ್ವಾಮಿಗೆ ಎದ್ದು ಕೆನ್ನೆಗೆ ಬಾರಿಸಬೇಕೆನ್ನಿಸಿತು. ಅರವತ್ತೆಂಟರ ಮುದುಕ ಅರವತ್ತಾರರ ಮುದುಕನಿಗೆ ಹೊಡೆದು ಮಾಡುವುದೇನು? "ಇನ್ನೂ ಇದಾವೆ," ಎಂದ.

ಉಳಿದದ್ದನ್ನೂ ಓದಿಸಿದ. ಚೆಲುವಯ್ಯನ ಸೊಸೆ ಕಾಫಿ ತಂದಿಟ್ಟಳು, ಗಂಗಾಧರಸ್ವಾಮಿ ಮುಟ್ಟಲಿಲ್ಲ. ಕೊನೆಯದು ರಾಮಯ್ಯನವರದು, ಪಟ್ಟಿ ನಿಂತು ಆರು ತಿಂಗಳ ಮೇಲೆ ಬರೆದದ್ದು: ಸ್ವಾಮಿಯವರೇ, ನಿಮ್ಮ ಪಟ್ಟಿ ಬರಲಿಲ್ಲ. ಮೈಯಲ್ಲಿ ಹುಷಾರಿದ್ದೀರಾ? ನಮ್ಮಿಂದ ತಪ್ಪೇನಾದರೂ ಆಯಿತೇ? ಒಂದು ಸಾಲು ಬರೆದರೆ ಸಾಕು.

ಚೆಲುವಯ್ಯ ಹಾಳೆ ಮಡಚಲು ಹೋದ.

"ಕೆಳಗಿಂದೂ ಓದು."

ಅವನು ಹಾಳೆ ನೋಡುತ್ತ ಕೂತ. ಗಂಗಾಧರಸ್ವಾಮಿಯೇ ಹೇಳಿದ, ಬಾಯಿಪಾಠವಾಗಿತ್ತು: "ಗಂಗಾಧರಸ್ವಾಮಿಗೆ ಈಗ ಇದರಲ್ಲಿ ಆಸಕ್ತಿಯಿಲ್ಲ. ನಿಮಗೆ ಉತ್ತರಿಸಲು ಅವರಿಗೆ ಇಷ್ಟವಿಲ್ಲ."

"ತಪ್ಪಾಯ್ತು ಕಣ್ಲಾ," ಎಂದ ಚೆಲುವಯ್ಯ. ಕಣ್ಣು ತುಂಬಿದ್ದವು. "ರಾಮಯ್ಯನೋರ್ ನಂಬ್ರ ಕೊಡು. ಈಗ್ಲೇ ಫೋನ್ ಮಾಡಿ ನಾನೇ ಯೋಳ್ತೀನಿ, ನಿಂದಲ್ಲ, ತಪ್ಪೆಲ್ಲ ನಂದು ಅಂತ."

ಗಂಗಾಧರಸ್ವಾಮಿ ಕಾಗದಗಳನ್ನು ಒಟ್ಟು ಮಾಡಿ ಚೀಲಕ್ಕೆ ಹಾಕಿಕೊಂಡು ಎದ್ದ.

"ಅವರು ಹೋಗಿ ಆರು ವರ್ಷ ಆಯ್ತು," ಎಂದ. "ನನ್ನನ್ನ ದುರಹಂಕಾರಿ ಅಂದ್ಕೊಂಡೇ ಹೋದ್ರು."