ಎಂಟು ಮೀಟರ್ ಸಿನಿಮಾ

ಸರ್ರ್ ಎಂದು ಓಡುತ್ತಿದ್ದ ಕ್ಯಾಸೆಟ್ ಟಕ್ ಎಂದು ನಿಂತಿತು. ಟೇಪಕ್ಕ ತಲೆ ಎತ್ತಲಿಲ್ಲ. ಮಗು ಹಸಿವಿಗೆ ಅಳುತ್ತಿದೆಯೋ ಹಟಕ್ಕೆ ಅಳುತ್ತಿದೆಯೋ ಎಂದು ತಾಯಿಗೆ ತಿಳಿಯುವ ಹಾಗೆ, ಅದು ತುದಿ ಮುಟ್ಟಿದ ಟಕ್ಕೋ ನಡುವೆ ಸಿಕ್ಕಿಕೊಂಡ ಟಕ್ಕೋ ಎಂದು ಅವಳ ಕಿವಿಗೆ ತಿಳಿಯುತ್ತದೆ. ಇದು ತುದಿ ಮುಟ್ಟಿದ್ದು. ಕ್ಯಾಸೆಟ್ ತೆಗೆದು ಇನ್ನೊಂದನ್ನು ಯಂತ್ರದ ಬಾಯಿಗಿಟ್ಟಳು.

ಮನೆಯ ಮುಂದಿನ ಈ ಕೋಣೆ ಒಂದು ಕಾಲಕ್ಕೆ ವಿಡಿಯೊ ಲೈಬ್ರರಿಯಾಗಿತ್ತು. ಈಗ ಜನ ಅಟ್ಟದ ಮೇಲಿನ ಹಳೆಯ ಕ್ಯಾಸೆಟ್ಟುಗಳನ್ನು ದೂಳು ಸಮೇತ ತಂದು ಇವಳ ಮೇಜಿನ ಮೇಲಿಡುತ್ತಾರೆ. ಯಾರದೋ ಮದುವೆ, ಯಾರದೋ ಮಗುವಿನ ಮೊದಲ ಹೆಜ್ಜೆ. ಅವಳು ಐದು ತಿರುಪು ಬಿಚ್ಚಿ, ಬೂಷ್ಟು ಒರೆಸಿ, ತುಂಡಾದಲ್ಲಿ ಓರೆಯಾಗಿ ಬ್ಲೇಡು ಹಾಕಿ, ಹಿಂಬದಿಗೆ ಅಂಟುಪಟ್ಟಿ ಕೂರಿಸಿ, ಡಿಸ್ಕಿಗೆ ಇಳಿಸಿಕೊಡುತ್ತಾಳೆ. ಅವಳು ಹಾಕಿದ ಜೋಡಣೆ ಪರದೆಯ ಮೇಲೆ ಕಣ್ಣು ಮಿಟುಕಿಸಿದಷ್ಟೂ ಕಾಣುವುದಿಲ್ಲ.

ಅಂಥ ಕೈ ಇವತ್ತು ಬೆಳಗಿನಿಂದ ಎರಡು ಸಲ ತಿರುಪು ಬೀಳಿಸಿತ್ತು. ಕಾರಣ, ನಾಲ್ಕು ಗಂಟೆಗೆ ತಮ್ಮ ಬರುವವನಿದ್ದ.

ಮೂವತ್ತು ವರ್ಷದ ಹಿಂದಿನ ಮಾತು. ತಮ್ಮನಿಗೆ ಆಗ ಇಪ್ಪತ್ತು. ಗೋಡೆಗೆ ಬಣ್ಣ ಹೊಡೆಯುತ್ತಿದ್ದವನು ಏಣಿಯಿಂದ ಬಿದ್ದು ಕಾಲು ಮುರಿದುಕೊಂಡ. ಪ್ಲಾಸ್ಟರು ಬಿಚ್ಚಿದ ಮೇಲೂ ಎದ್ದು ನಿಲ್ಲಲು ಒಪ್ಪಲಿಲ್ಲ. ಮತ್ತೆ ಬಿದ್ದುಬಿಡುತ್ತೇನೆ ಅನ್ನುವ ಭಯ ಎದೆಯಲ್ಲಿ ಗೂಡು ಕಟ್ಟಿತ್ತು. ಅವನನ್ನು ನಗಿಸಿದ್ದು ಒಂದೇ ಒಂದು, ಲೈಬ್ರರಿಗೆ ಹೊಸದಾಗಿ ಬಂದಿದ್ದ ಕುಂಗ್‌ಫೂ ಸಿನಿಮಾ. ಅದರ ಹೆಸರು ಯಾರ ನಾಲಗೆಗೂ ಒಗ್ಗದೆ ಎಲ್ಲರೂ ‘ಮುದುಕ ಗುರು’ ಅನ್ನುತ್ತಿದ್ದರು. ಒಂದೇ ಹಲ್ಲಿನ ಗುರು, ಒಂಟಿ ಕಾಲಲ್ಲಿ ನಿಲ್ಲಲಾರದ ಶಿಷ್ಯ.

ಆದರೆ ಮೊದಲ ಸಲ ಹಾಕಿದಾಗ, ಅವನು ಅರ್ಧ ನೋಡುವಷ್ಟರಲ್ಲೇ ಯಂತ್ರ ಆ ಕ್ಯಾಸೆಟ್ಟನ್ನು ಅಗಿಯಿತು. ಒಂದು ಮೊಳ ಟೇಪು ಸುಕ್ಕಾಯಿತು. ಸುಕ್ಕಾದ ರವಿಕೆಗೆ ಮಾಡುವುದನ್ನೇ ಟೇಪಕ್ಕ ಅದಕ್ಕೂ ಮಾಡಿದಳು: ಇಸ್ತ್ರಿ ಹಾಕಿದಳು. ಮೊದಲ ಮೊಳ ನೀಟಾಗಿ ನೆಟ್ಟಗಾಯಿತು. ಹುಮ್ಮಸ್ಸು ಬಂತು. ಹಾಗೇ ಮುಂದಿನದಕ್ಕೂ ಒಂದು ಕೈ ನೋಡೋಣ ಎಂದು ಎಳೆದು ಎಳೆದು ತಿಕ್ಕುತ್ತಾ ಹೋದಳು. ಇಸ್ತ್ರಿ ಪೆಟ್ಟಿಗೆ ಕಾಯುತ್ತಾ ಹೋಯಿತು. ಸುಟ್ಟ ವಾಸನೆ ಮೂಗಿಗೆ ಬರುವಷ್ಟರಲ್ಲಿ ಎಂಟು ಮೀಟರ್ ಸಿನಿಮಾ ಹುರಿದ ಕೂದಲಿನಂತೆ ಮುದುಡಿತ್ತು. ಎಂಟು ಮೀಟರೆಂದರೆ ನಾಲ್ಕು ನಿಮಿಷ. ಕತ್ತರಿಸಿದಳು, ಅಂಟಿಸಿದಳು, ಏನೂ ಆಗದವಳಂತೆ ತಮ್ಮನ ಮುಂದೆ ಹಾಕಿದಳು.

ಗುರು ನೀರಿನ ಕೊಡ ಹೊತ್ತು ಮೆಟ್ಟಿಲ ಮೇಲೆ ದಬಾರನೆ ಬಿದ್ದ. ಮರುಕ್ಷಣವೇ ಶಿಷ್ಯ ಅಖಾಡದಲ್ಲಿ ಚಿರತೆಯಂತೆ ಹಾರುತ್ತಿದ್ದ.

“ಅಕ್ಕಾ, ಮಧ್ಯೆ ಏನಾಯ್ತು?”

ಅವಳ ಬಾಯಿಗೆ ಬಂದದ್ದು ಸುಳ್ಳು. “ಸೆನ್ಸಾರಿನವರು ಕತ್ತರಿಸಿದ್ದಾರೆ ಕಣೋ. ನಾನು ಥಿಯೇಟರಿನಲ್ಲಿ ಪೂರ್ತಿ ನೋಡಿದ್ದೆ. ಗುರು ಶಿಷ್ಯನಿಗೆ ಮೂರು ತಿಂಗಳು ಹೊಡೆದಾಟ ಹೇಳಿಕೊಡೋದೇ ಇಲ್ಲ, ಬರೀ ಬೀಳೋದು ಹೇಳಿಕೊಡ್ತಾನೆ. ನೆಲ ನಿನ್ನ ಶತ್ರು ಅಲ್ಲ, ನೆಂಟ. ನೆಂಟರ ಮನೆಗೆ ಹೋದ ಹಾಗೆ ಬೀಳಬೇಕು ಅಂತಾನೆ.”

ಮಾರನೆಯ ದಿನ ಒಳಕೋಣೆಯಿಂದ ದೊಪ್ ಎಂಬ ಶಬ್ದ ಬಂತು. ಓಡಿಹೋದರೆ, ತಮ್ಮ ಹಾಸಿಗೆಗಳನ್ನೆಲ್ಲ ನೆಲಕ್ಕೆ ಹಾಸಿಕೊಂಡು, ಎದ್ದು ನಿಂತು, ಬೇಕೆಂದೇ ಬೀಳುತ್ತಿದ್ದ. ನಗುತ್ತಿದ್ದ.

ಆಮೇಲೆ ಅವನು ಏಣಿ ಹತ್ತಲಿಲ್ಲ. ಈಗ ವ್ಯಾಯಾಮ ಶಾಲೆಯೊಂದರಲ್ಲಿ ವಯಸ್ಸಾದವರಿಗೆ ಮೂಳೆ ಮುರಿಯದಂತೆ ಬೀಳುವುದನ್ನು ಕಲಿಸುವ ಮೇಷ್ಟ್ರು. ಮೊದಲ ಪಾಠ ನೆಂಟನದೇ. ಹೋದ ವಾರ ಆ ಸಿನಿಮಾದ ಡಿಸ್ಕು, ಒಂದು ನಿಮಿಷವೂ ಕತ್ತರಿಸದ್ದು, ಅವನ ಕೈಗೆ ಸಿಕ್ಕಿತ್ತು. ತಾನೊಬ್ಬನೇ ನೋಡದೆ, ತನ್ನ ಶಿಷ್ಯರನ್ನೂ ಕರೆದುಕೊಂಡು ಅಕ್ಕನ ಕೋಣೆಗೇ ಬರುವುದಾಗಿ ಹೇಳಿದ್ದ.

ಡಿಸ್ಕ್ ಯಂತ್ರ ಕೆಟ್ಟಿದೆ ಎನ್ನಬಹುದಿತ್ತು. ಮಧ್ಯಾಹ್ನ ತಂತಿ ಕಿತ್ತೂ ನೋಡಿದಳು. ಆದರೆ ಇವಳ ಮನೆಯಲ್ಲಿ ಯಂತ್ರ ಕೆಟ್ಟಿದೆ ಅಂದರೆ ಯಾರು ನಂಬಬೇಕು? ಮತ್ತೆ ಸಿಕ್ಕಿಸಿದಳು. ಮೂವತ್ತು ವರ್ಷ ಅವನು ಊರುಗೋಲಿನಂತೆ ಹಿಡಿದಿದ್ದನ್ನು ಇವತ್ತು ಶಿಷ್ಯರೆದುರೇ ಕಸಿದುಕೊಂಡ ಹಾಗಾಗುತ್ತದಲ್ಲ ಅನ್ನುವುದೊಂದೇ ಅವಳ ಚಿಂತೆ.

ನಾಲ್ಕಕ್ಕೆ ಸರಿಯಾಗಿ ಬಂದರು, ಆರು ಜನ ಬಿಳಿಗೂದಲಿನವರು. ಎಲ್ಲರಿಗಿಂತ ಮುಂದೆ ಟೈಪಿಸ್ಟ್ ಅಜ್ಜಿ. ನಲವತ್ತು ವರ್ಷ ಕಚೇರಿಯಲ್ಲಿ ಟೈಪ್ ಮಾಡಿ, ಇನ್ನೊಬ್ಬರ ತಪ್ಪು ಹುಡುಕಿ ಹುಡುಕಿ ಕಣ್ಣು ಸೂಜಿಯಾದವಳು.

“ನಿಮ್ಮ ತಮ್ಮ ನಮ್ಮನ್ನ ದಿನಾ ನೆಲಕ್ಕೆ ಕೆಡವ್ತಾರಮ್ಮಾ,” ಎಂದಳು. “ಈ ವಯಸ್ಸಿನಲ್ಲಿ ನಮಗೆ ಇನ್ನೊಬ್ಬ ನೆಂಟ ಬೇಕಿತ್ತಾ?”

“ನೆಂಟನ ಭಾಗ ಬಂದಾಗ ಯಾರೂ ಕೆಮ್ಮಬಾರದು,” ಎಂದ ತಮ್ಮ.

ಸಿನಿಮಾ ಶುರುವಾಯಿತು. ನಕ್ಕರು, ಚಪ್ಪಾಳೆ ತಟ್ಟಿದರು. ಗುರು ಕೊಡ ಹೊತ್ತ, ಮೆಟ್ಟಿಲು ಹತ್ತಿದ, ದಬಾರನೆ ಬಿದ್ದ. ತಮ್ಮ ಕುರ್ಚಿಯ ತುದಿಗೆ ಸರಿದ. ಟೇಪಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

ಪರದೆಯ ಮೇಲೆ ಗುರು ಎದ್ದು ಕೂತ. ಒಡೆದ ಕೊಡವನ್ನು ನೋಡಿದ. ಕೊಡದ ಒಡತಿ ಪೊರಕೆ ಹಿಡಿದು ಬಂದಳು. ಆಮೇಲಿನ ನಾಲ್ಕು ನಿಮಿಷವೂ ಅವಳು ಅಟ್ಟಿಸಿಕೊಂಡು ಹೋದಳು, ಅವನು ಓಡಿದ. ಕೋಳಿಗೂಡಿಗೊಂದು ಸುತ್ತು, ಬಾವಿಗೊಂದು ಸುತ್ತು. ಕೊನೆಗೆ ಗುರು ಗೂಡಿನೊಳಗೆ ಹೊಕ್ಕು, ಕೋಳಿಯ ಪಕ್ಕ ನಿದ್ದೆ ಹೋದ. ಮರುಕ್ಷಣ ಅಖಾಡ.

ಅಜ್ಜಿ ಕೈಯೆತ್ತಿದಳು. “ಮೇಷ್ಟ್ರೇ, ನೆಂಟ ಎಲ್ಲಿ?”

ತಮ್ಮನ ಮುಖ ಕೆಂಪಾಯಿತು. “ಈ ಡಿಸ್ಕಿನವರೂ ಕತ್ತರಿಸಿಬಿಟ್ಟಿದ್ದಾರೆ, ಕಳ್ಳರು! ಪತ್ರ ಬರೀತೀನಿ. ಅಕ್ಕಾ, ನೀನು ಸಾಕ್ಷಿ. ನೀನು ಥಿಯೇಟರಿನಲ್ಲಿ ನೋಡಿದ್ದೀಯ.”

ಟೇಪಕ್ಕ ಯಂತ್ರ ನಿಲ್ಲಿಸಿದಳು.

“ಅವರು ಕತ್ತರಿಸಲಿಲ್ಲ ಕಣೋ. ಕತ್ತರಿಸಿದವಳು ನಾನು.”

“ರೀಲು ಬಿಡಬೇಡ.”

ಅವಳು ಕಪಾಟಿನಿಂದ ಗುಂಡಿ ಡಬ್ಬಿ ತೆಗೆದು ಮೇಜಿನ ಮೇಲೆ ಸುರಿದಳು. ಗುಂಡಿಗಳ ಜೊತೆಗೆ ಮುದುಡಿದ ಕಂದು ಟೇಪಿನ ಉಂಡೆಯೂ ಉರುಳಿತು. “ಇಸ್ತ್ರಿ ಹಾಕಿದ್ದೆ.”

“ಸಿನಿಮಾಗೆ?” ಎಂದಳು ಅಜ್ಜಿ. ಹಿಂದಿನ ಕುರ್ಚಿಯವರು ಕಿಸಕ್ಕೆಂದರು.

ತಮ್ಮ ಉಂಡೆಯನ್ನು ಕೈಯಲ್ಲಿ ತಿರುಗಿಸಿ ನೋಡಿದ. ನಗಲಿಲ್ಲ. “ನೆಂಟ?”

“ನಂದೇ.”

“ಮೂರು ತಿಂಗಳು?”

“ನೀನು ನಡೆಯೋಕೆ ಮೂರು ತಿಂಗಳು ಬೇಕು ಅಂತ ಡಾಕ್ಟರು ಹೇಳಿದ್ರು. ಅದನ್ನೇ ಗುರುವಿನ ಬಾಯಿಗೆ ಹಾಕಿದೆ.”

ಅವನು ಉಂಡೆಯ ತುದಿ ಹಿಡಿದು ಒಂದೊಂದೇ ಸುಕ್ಕು ಬಿಡಿಸುತ್ತಾ ಹೋದ. ಟೇಪಕ್ಕನಿಗೆ ಅದು ಎಂಟು ಮೀಟರಿಗಿಂತ ಉದ್ದ ಅನ್ನಿಸಿತು.

“ಸರಿ. ಹಾಗಾದ್ರೆ ಗದ್ದ ಎದೆಗೆ ಒತ್ತಿ, ಭುಜ ಸುತ್ತಿಸಿ, ಅಂಗೈ ನೆಲಕ್ಕೆ ಬಡಿದು ಬೀಳೋದು? ಅದನ್ನ ಎಲ್ಲಿಂದ ತಂದೆ?”

“ಅದು ನನಗೇನು ಗೊತ್ತು? ಅಷ್ಟೆಲ್ಲ ನಾನು ಹೇಳಲೇ ಇಲ್ಲ. ಬೀಳಬೇಕು ಅಂದೆ ಅಷ್ಟೆ.”

“ಹೇಳಿದ್ದೀಯ!”

“ಇಲ್ಲ ಕಣೋ. ನನಗೆ ಇವತ್ತಿಗೂ ಬೀಳೋಕೆ ಬರಲ್ಲ.”

ಅವನು ತನ್ನ ಅಂಗೈಯನ್ನೇ ನೋಡಿಕೊಂಡ. ಯಾರದೋ ಕೈ ಎಂಬಂತೆ ನೋಡಿಕೊಂಡ. ಆಮೇಲೆ ನಗು ಬಂತು, ಹೊಟ್ಟೆಯ ಆಳದಿಂದ, ಇಪ್ಪತ್ತರ ಹುಡುಗ ಹಾಸಿಗೆಗಳ ಮೇಲೆ ನಕ್ಕ ಅದೇ ನಗು.

“ಒಟ್ಟು ಲೆಕ್ಕದಲ್ಲಿ ಗುರು ಯಾರು?” ಅಜ್ಜಿ ಬಿಡಲಿಲ್ಲ. “ನಾಳೆಯಿಂದ ನಾವು ಯಾರಿಗೆ ನಮಸ್ಕಾರ ಹೇಳಿ ಬೀಳಬೇಕು?”

“ಇವಳಿಗೆ,” ಎಂದ ತಮ್ಮ.

“ಅವನಿಗೆ,” ಎಂದಳು ಟೇಪಕ್ಕ.

“ಕೋಳಿಗೆ,” ಎಂದಿತು ಹಿಂದಿನ ಕುರ್ಚಿ.

“ಅಕ್ಕಾ, ನಾಳೆ ಬೆಳಿಗ್ಗೆ ನೀನು ನನ್ನ ಕ್ಲಾಸಿಗೆ ಬರ್ತೀಯ,” ತಮ್ಮ ಬೆರಳು ತೋರಿಸಿ ಶುರುಮಾಡಿದ. “ನಾನು ಬೀಳೋದು ಹೇಳಿಕೊಡ್ತೀನಿ, ಬೇಡ ಅನ್ನೋ ಹಾಗಿಲ್ಲ. ನೆಂಟರ ಮನೆ ದಾರಿ ತೋರಿಸಿದವಳೇ ನೆಂಟರ ಮನೆಗೆ ಹೋಗಿಲ್ಲ ಅಂದ್ರೆ ಹೇಗೆ, ಜನ ಏನಂದಾರು, ಇನ್ನೊಂದು ಏನಂದ್ರೆ—”

ಮೂಲೆಯಲ್ಲಿ ಯಾರದೋ ಮದುವೆಯನ್ನು ಡಿಸ್ಕಿಗೆ ಇಳಿಸುತ್ತಿದ್ದ ಯಂತ್ರ ಕುರ್ರ್ ಎಂದು ಗಂಟಲು ಸರಿಪಡಿಸಿಕೊಂಡಿತು. ಅದು ಅಗಿಯಲು ಶುರುಮಾಡುವ ಮೊದಲಿನ ಸದ್ದು. ಟೇಪಕ್ಕ ಮಾತಿಗೆ ಕಾಯಲಿಲ್ಲ. ಸೆರಗು ಸಿಕ್ಕಿಸಿಕೊಂಡು, ತಿರುಪುಳಿ ಎತ್ತಿಕೊಂಡು, ಅತ್ತ ನಡೆದೇಬಿಟ್ಟಳು.