ಸಾಯಲೊಲ್ಲದ ಕುದುರೆಗಳ್ಳ

ಆರ್ವಿಲ್ ಟ್ಯಾಕೆಟ್‌ನ ಮುಖಕ್ಕೆ ಯಾವ ಡೈರೆಕ್ಟರೂ ಒಳ್ಳೆಯವನ ಪಾತ್ರ ಕೊಡುತ್ತಿರಲಿಲ್ಲ. ಗುಳಿಬಿದ್ದ ಕೆನ್ನೆ, ಹೋರಿ ಒದ್ದು ಸೊಟ್ಟಗಾದ ಮೂಗು. ಒಕ್ಲಹೋಮಾದ ಈ ದನಗಾಹಿ ಹಾಲಿವುಡ್ಡಿಗೆ ಬಂದ ವಾರದಲ್ಲೇ ಕೌಬಾಯ್ ಸಿನಿಮಾಗಳಲ್ಲಿ ಕೆಲಸ ಹಿಡಿದ. ಬ್ಯಾಂಕು ದೋಚುವುದು, ಕುದುರೆ ಕದಿಯುವುದು, ಕೊನೆಗೆ ನಾಯಕನ ಗುಂಡೇಟಿಗೆ ಬೀಳುವುದು. ಬೀಳುವುದರಲ್ಲಂತೂ ಅವನನ್ನು ಮೀರಿಸುವವರಿರಲಿಲ್ಲ. ಮಹಡಿಯಿಂದಲೋ ಓಡುವ ಕುದುರೆಯಿಂದಲೋ ಬಿದ್ದು, ಧೂಳು ಕೊಡವಿಕೊಂಡು ಊಟಕ್ಕೆ ಹೋಗುತ್ತಿದ್ದ.

ಮನೆಗೆ ಟೀವಿ ಬಂದ ಮೇಲೆ ತಕರಾರು ಶುರುವಾಯಿತು. ಪುಟ್ಟ ಮಗಳು ನಡೀನ್, ಅಪ್ಪ ಪರದೆಯ ಮೇಲೆ ಸತ್ತಾಗಲೆಲ್ಲ ಕಿಟಾರನೆ ಕಿರುಚುತ್ತಿದ್ದಳು. ಅದೇ ಅಪ್ಪ ಪಕ್ಕದಲ್ಲಿ ಕೂತು ಬೀನ್ಸ್ ತಿನ್ನುತ್ತಿದ್ದರೂ ಅವಳಿಗೆ ಸಮಾಧಾನವಿಲ್ಲ.

"ಒಳ್ಳೆ ಪಜೀತಿ ಕಣೋ ಆರ್ವಿಲ್," ಎಂದಳು ಹೆಂಡತಿ ಲಿಯೋಟಾ. "ಒಂದ್ಸಲನಾದ್ರೂ ಬದುಕಬಾರ್ದಾ?"

ಮುಂದಿನ ಸೋಮವಾರ ಹಾಲಿವುಡ್ಡಿನಾಚೆ ಚಾಟ್ಸ್‌ವರ್ತ್‌ನ ಬಂಡೆಗಳ ನಡುವೆ ಹೊಸ ಟೀವಿ ಧಾರಾವಾಹಿಯ ಚಿತ್ರೀಕರಣ. ಆರ್ವಿಲ್ ಕುದುರೆಗಳ್ಳ, ನಾಯಕ ಊರು ಕಾಯುವ ಪೊಲೀಸ್ ಅಧಿಕಾರಿ, ಷೆರಿಫ್. "ಷೆರಿಫ್ ಹೊಡೀತಾನೆ, ನೀನು ಉರುಳು," ಎಂದ ಡೈರೆಕ್ಟರ್ ಕ್ರಿಂಪ್.

"ಇವತ್ತು ಉರುಳಲ್ಲ ಸಾಹೇಬ್ರೇ. ಓಡ್ತೀನಿ."

"ಯಾಕಪ್ಪಾ, ಸೊಂಟ ಹಿಡ್ಕೊಂಡಿತಾ?"

"ಸೊಂಟ ಗಟ್ಟಿಯಾಗೇ ಇದೆ. ಇವತ್ತೇ ನನ್ನ ಕೊಂದ್ರೆ ಮುಂದಿನ ವಾರ ಷೆರಿಫ್ ಯಾರ ಬೆನ್ನು ಹತ್ತೋದು? ಹೊಸ ಕಳ್ಳ ಬಂದ್ರೆ ಅವನೆಂಥೋನು ಅಂತ ಮೊದ್ಲಿಂದ ಹೇಳ್ಬೇಕು. ನನ್ನ ಮೂತಿ ಕಂಡ್ರೆ ಸಾಕು, ಜನ ತಾವಾಗೇ ಬೈತಾರೆ."

ಕ್ರಿಂಪ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಸರಿ, ಓಡು. ಚೆನ್ನಾಗಿ ಬರ್ಲಿಲ್ಲ ಅಂದ್ರೆ ಮಧ್ಯಾಹ್ನ ಸಾಯ್ಬೇಕು ನೋಡು."

ಆರ್ವಿಲ್ ಕುದುರೆಯ ಒಂದು ಮಗ್ಗುಲಿಗೆ ಜೋತುಬಿದ್ದು ಗುಂಡು ತಪ್ಪಿಸಿಕೊಂಡ. ಕಣಿವೆಯ ಬಾಯಲ್ಲಿ ನಿಂತು, ಹಿಂತಿರುಗಿ, ಷೆರಿಫ್‌ಗೆ ಟೋಪಿ ಎತ್ತಿ ಸಲಾಮು ಹೊಡೆದ. ಯಾರೂ ಹೇಳಿಕೊಡದಿದ್ದ ಸಲಾಮು ಅದು. ಷೆರಿಫ್ ವೇಷದವನಿಗೆ ನಿಜಕ್ಕೂ ಪಿತ್ತ ನೆತ್ತಿಗೇರಿತು. "ಅಯೋಗ್ಯ!" ಎಂದು ಅರಚಿದ. ಕ್ರಿಂಪ್ ಅದನ್ನೂ ಚಿತ್ರದಲ್ಲಿ ಹಾಗೆಯೇ ಉಳಿಸಿಕೊಂಡ.

ಟೀವಿಯಲ್ಲಿ ಅದು ಬಂದ ಮೇಲೆ, ಆ ಕಳ್ಳ ಏನಾದ ಎಂದು ಜನ ಕೇಳತೊಡಗಿದರು. ಆರ್ವಿಲ್ ಮರಳಿ ಬಂದ, ಮತ್ತೆ ತಪ್ಪಿಸಿಕೊಂಡ. ಷೆರಿಫ್‌ಗಳು ಬದಲಾದರು, ಕಳ್ಳ ಮಾತ್ರ ವರ್ಷಗಟ್ಟಲೆ ಅವನೇ. ನಡೀನ್ ಈಗ ಟೀವಿಯ ಮುಂದೆ "ಓಡಪ್ಪಾ, ಓಡು!" ಎಂದು ಕುಣಿಯುತ್ತಿದ್ದಳು.

ಒಮ್ಮೆ ಅಂಗಡಿಯಲ್ಲಿ ಮುದುಕಿಯೊಬ್ಬಳು ಟೀವಿಯ ಕಳ್ಳನ ಗುರುತು ಹಿಡಿದು ಅವನ ತೋಳಿಗೆ ಕೊಡೆಯಿಂದ ತಿವಿದಳು. "ಥೂ! ಪಾಪ, ಆ ವಿಧವೆಯ ಕುದುರೆ ಕದಿಯೋಕೆ ನಾಚಿಕೆ ಆಗಲ್ವಾ ನಿಂಗೆ?"

"ಒಳ್ಳೇ ಕುದುರೆ ಅಮ್ಮಾ. ಬಿಡೋಕೆ ಮನಸ್ಸೇ ಬರ್ಲಿಲ್ಲ," ಎಂದ ಆರ್ವಿಲ್. ಆಮೇಲೆ ಅವಳ ಭಾರದ ಚೀಲವನ್ನು ಕಾರಿನವರೆಗೂ ಹೊತ್ತುಕೊಟ್ಟ. ದಾರಿಯುದ್ದಕ್ಕೂ ಅವಳು ಚೀಲದ ಮೇಲಿನ ಕಣ್ಣು ತೆಗೆಯಲಿಲ್ಲ.