ವಿಯೆನ್ನಾಕ್ಕೆ ಮೂರನೇ ಸೀಟು

ದೆವ್ವ ಕಂಡೆ, ಶಕುನವಾಯಿತು ಎಂದು ಯಾರಾದರೂ ಶುರುಮಾಡಿದರೆ ಅವರ ಬಾಯಿ ಮುಚ್ಚಿಸುವ ತನಕ ನಾನು ಬಿಡುತ್ತಿರಲಿಲ್ಲ. ಮದ್ರಾಸಿನ ಒಂದು ವಿಮಾ ಕಚೇರಿಯ ಕ್ಲೇಮು ವಿಭಾಗದಲ್ಲಿದ್ದವನು ನಾನು. ಜನ ಹೇಳುವ ಕಥೆಯಲ್ಲಿ ತೂತು ಹುಡುಕುವುದೇ ನನ್ನ ಹೊಟ್ಟೆಪಾಡು. ಅಂಥವನು ಈಗ ಇಂಥದ್ದೊಂದನ್ನು ಬರೆಯಲು ಕೂತಿದ್ದೇನೆ, ನಗುವವರು ಧಾರಾಳವಾಗಿ ನಗಲಿ. ನನಗಂತೂ ನಾಚಿಕೆ. ಅದೂ ನಡೆದ ವಿಚಿತ್ರಕ್ಕಲ್ಲ, ಅದಕ್ಕೆ ಮುಂಚೆ ನಾನು ಮಾಡಿದ್ದಕ್ಕೆ.

ನನ್ನ ಅಕ್ಕ ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಅಪ್ಪ ಪೆರಂಬೂರಿನಲ್ಲಿ ರೈಲ್ವೆ ಕೆಲಸದಲ್ಲಿದ್ದರು. ನನಗೆ ಮೂರು ವರ್ಷವಾದಾಗ ಅಮ್ಮ ತೀರಿಹೋದಳು, ಅಕ್ಕ ಶಾಲೆ ಬಿಟ್ಟು ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡಳು. ಆಮೇಲೆ ಬಂದ ಸಂಬಂಧಗಳನ್ನೆಲ್ಲ ಅವಳೇ ಬೇಡವೆಂದಳು. ಅಪ್ಪನ ಬಿಳಿ ಸಾಹೇಬರು ತಮ್ಮ ದೇಶಕ್ಕೆ ವಾಪಸು ಹೋಗುವಾಗ ಕೊಟ್ಟ ಒಂದು ಬಿಸ್ಕತ್ತಿನ ಡಬ್ಬಿ ನಮ್ಮ ಮನೆಯಲ್ಲಿತ್ತು. ಮುಚ್ಚಳದ ಮೇಲೆ ಹಳದಿ ಬಣ್ಣದ ದೊಡ್ಡ ಅರಮನೆ, ಮುಂದೆ ಕಾರಂಜಿ, ಕೆಳಗೆ ವಿಯೆನ್ನಾ ಎಂದು ಹೆಸರು. ಅಕ್ಕ ಅದರಲ್ಲಿ ಸೂಜಿ ದಾರ ಇಟ್ಟುಕೊಳ್ಳುತ್ತಿದ್ದಳು. ಊಟಕ್ಕೆ ನಾನು ಹಟ ಮಾಡಿದರೆ ಆ ಮುಚ್ಚಳ ತೋರಿಸಿ, "ಈ ಬಾಗಿಲಿಂದು ಒಂದು ತುತ್ತು, ಆ ಕಿಟಕೀದು ಒಂದು ತುತ್ತು" ಎಂದು ತಿನ್ನಿಸುತ್ತಿದ್ದಳು. ಆ ಅರಮನೆಗೆ ಎಷ್ಟು ಕಿಟಕಿ ಎಂದು ನನ್ನ ಹೊಟ್ಟೆಗೆ ಗೊತ್ತು.

ಆರು ವರ್ಷದವನಿದ್ದಾಗ ನಾನು ಅವಳಿಗೆ ಮಾತು ಕೊಟ್ಟಿದ್ದೆ, ದೊಡ್ಡವನಾದ ಮೇಲೆ ನಿನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ ಎಂದು. ಅವಳು ಅದನ್ನು ಮರೆಯಲಿಲ್ಲ. ನನಗೆ ಕೆಲಸ ಸಿಕ್ಕಾಗ, ಮದುವೆಯಾದಾಗ, ಬೆಸೆಂಟ್ ನಗರದಲ್ಲಿ ಫ್ಲ್ಯಾಟು ಸಿಕ್ಕಾಗ, ಪ್ರತಿಸಲವೂ ನಗುತ್ತಾ ಕೇಳುತ್ತಿದ್ದಳು: "ಏನೋ ಮರಿ, ನಮ್ಮ ಅರಮನೆಗೆ ಯಾವಾಗ ಹೋಗೋದು?"

ಎಂಬತ್ತರ ದಶಕದ ಶುರುವಿನಲ್ಲಿ, ನಿಜಕ್ಕೂ ಹೋಗುವ ಕಾಲ ಬಂತು. ನನ್ನ ಹೆಂಡತಿ ವಿಮಲಳ ಅಣ್ಣನಿಗೆ ವಿಯೆನ್ನಾದಲ್ಲಿ ಕೆಲಸವಾಗಿತ್ತು. ಒಂದು ವಾರ ಬಂದು ಊರು ನೋಡಿಕೊಂಡು ಹೋಗಿ, ಅಕ್ಕನನ್ನೂ ತಪ್ಪದೆ ಕರೆತನ್ನಿ ಎಂದು ಕಾಗದ ಬರೆದ. ಟಿಕೆಟ್ಟೂ ಅವನದೇ. ಮೌಂಟ್ ರೋಡಿನಲ್ಲಿ ಅವನಿಗೆ ಪರಿಚಯವಿದ್ದ ಟ್ರಾವೆಲ್ ಏಜೆಂಟರ ಹತ್ತಿರ ನಮ್ಮ ಮೂವರ ಹೆಸರಿನಲ್ಲೂ ಸೀಟು ಹಿಡಿಸಿಟ್ಟಿದ್ದ.

ಆ ಕಾಗದ ಆಫೀಸಿಗೆ ಬಂತು. ಓದಿ ಡ್ರಾಯರಿನಲ್ಲಿಟ್ಟೆ. ಅಕ್ಕ ಹೊರಗೆ ಏನೂ ತಿನ್ನುವುದಿಲ್ಲ, ಚಳಿ ತಡೆಯುವುದಿಲ್ಲ, ಅಷ್ಟು ನಡೆಯಲಾರಳು ಎಂದೆಲ್ಲ ವಿಮಲಳಿಗೆ ಹೇಳಿದೆ. ಒಂದೂ ನಿಜವಲ್ಲ. ನಿಜ ಇಷ್ಟು: ಎತ್ತಿ ಕಟ್ಟಿದ ನೂಲಿನ ಸೀರೆ, ಸೊಂಟದಲ್ಲಿ ಬೀಗದ ಕೈ ಗೊಂಚಲು, ತಲೆಗೆ ಮಂಕಿ ಕ್ಯಾಪು, ಕಾಲಿಗೆ ಕ್ಯಾನ್ವಾಸ್ ಶೂ, ಹೀಗೆ ಅಕ್ಕ ಆ ಬೀದಿಗಳಲ್ಲಿ ನನ್ನ ಪಕ್ಕ ನಡೆಯುವುದನ್ನೂ ಜನ ತಿರುಗಿ ನೋಡುವುದನ್ನೂ ನಾನು ಮನಸ್ಸಿನಲ್ಲೇ ಕಂಡುಬಿಟ್ಟಿದ್ದೆ. ತುತ್ತು ತಿನ್ನಿಸಿದವಳ ಪಕ್ಕ ನಡೆಯಲು ನನಗೆ ನಾಚಿಕೆಯಾಗಿತ್ತು. ಥೂ, ಈಗ ಬರೆಯಲೂ ಕೈ ಬರುವುದಿಲ್ಲ.

"ಪಾಪ ಕಣ್ರೀ, ಅವರನ್ನ ಬಿಟ್ಟು ಹೇಗೆ ಹೋಗೋದು?" ಎಂದು ವಿಮಲ ಎರಡು ದಿನ ಗೊಣಗಿದಳು. ಆಮೇಲೆ ಅವಳೂ ಸುಮ್ಮನಾದಳು.

ಗುಟ್ಟು ಕಾಯುವುದೇ ಕಷ್ಟವಾಯಿತು. ಅಕ್ಕ ಇದ್ದದ್ದು ನಮ್ಮ ಜೊತೆಗೇ, ಮನೆ ಅಂಗೈಯಗಲ. ತಮಿಳು ಅಕ್ಕನಿಗೆ ನಮಗಿಂತ ಚೆನ್ನಾಗಿ ಬರುತ್ತಿತ್ತು, ಇಂಗ್ಲಿಷೂ ಕೇಳಿದರೆ ಅರ್ಥವಾಗುತ್ತಿತ್ತು. ಅದಕ್ಕೆ ನಾನೊಂದು ಬುದ್ಧಿವಂತಿಕೆ ಮಾಡಿದೆ. ಆಫೀಸು ಕೊಡುವ ರಜಾ ಭತ್ಯೆಯಲ್ಲಿ ಡೆಲ್ಲಿಗೆ ಹೋಗುತ್ತೇವೆ ಎಂದು ಅವಳಿಗೆ ಹೇಳಿ, ವಿಯೆನ್ನಾವನ್ನೇ ಮನೆಯಲ್ಲಿ ಡೆಲ್ಲಿ ಎನ್ನತೊಡಗಿದೆವು. ಸಂಜೆ ಕಾಫಿ ಕುಡಿಯುತ್ತಾ ಅವಳ ಎದುರಿಗೇ ಏಳು ದಿನದ ಪಟ್ಟಿ ಹಾಕುತ್ತಿದ್ದೆವು. ಡೆಲ್ಲಿಯಲ್ಲಿ ಮೊದಲ ದಿನ ಅರಮನೆ, ಎರಡನೇ ದಿನ ನದಿಯಲ್ಲಿ ದೋಣಿ, ಮೂರನೇ ದಿನ ಸಂಗೀತ. ಹುರುಳಿಕಾಯಿ ಹೆಚ್ಚುತ್ತಾ ಕೂತ ಅಕ್ಕ ಕತ್ತೆತ್ತಿ, "ಡೆಲ್ಲೀಲಿ ದೋಣಿ ಬೇರೆ ಬಿಡ್ತಾರೇನೋ?" ಎನ್ನುವಳು. ನಾವಿಬ್ಬರೂ ಮುಖ ಮುಖ ನೋಡಿಕೊಂಡು ನಗುತ್ತಿದ್ದೆವು.

ಆ ಮಧ್ಯೆ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದಳು. ಎಡಗಾಲಿಗೆ ಮೊಣಕಾಲಿನ ಕೆಳಗಿನಿಂದ ಪ್ಲಾಸ್ಟರ್ ಹಾಕಿದರು. ಆರು ವಾರದಲ್ಲಿ ಓಡಾಡುತ್ತಾರೆ ಎಂದರು ಡಾಕ್ಟರು. ನಮ್ಮ ಪ್ರಯಾಣಕ್ಕೆ ಇನ್ನೂ ನಾಲ್ಕು ತಿಂಗಳಿತ್ತು. ಆದರೂ ವಿಮಲಳ ಅಣ್ಣನಿಗೆ ಬರೆಯಲು ನನಗೊಂದು ನೆಪ ಸಿಕ್ಕಿತಲ್ಲ. "ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು" ಎಂದು ವಿಮಲಳಿಗೆ ಹೇಳಿಬಿಟ್ಟೆ. ಈ ಬಾಯಲ್ಲೇ ಅಂದದ್ದು.

ಪ್ಲಾಸ್ಟರ್ ಹಾಕಿ ಒಂದು ವಾರವಾಗಿತ್ತು. ಅರ್ಧ ದಿನ ರಜ ಹಾಕಿ, ಮೂರನೇ ಸೀಟು ರದ್ದು ಮಾಡಿಸಲು ಏಜೆಂಟರ ಆಫೀಸಿಗೆ ಹೋದೆ. ಸುಮಾರು ಎರಡು ಗಂಟೆ, ಉರಿಬಿಸಿಲು. ಆಫೀಸು ಎರಡನೇ ಮಹಡಿಯಲ್ಲಿ, ಕಡಿದಾದ ಮೆಟ್ಟಿಲು. ಏಜೆಂಟರು ನಾಮ ಹಾಕಿದ್ದ ವಯಸ್ಸಾದ ತಮಿಳರು. ನಾನು ಹೆಸರು ಹೇಳಿ ಬಾಯಿ ತೆರೆಯುವುದರೊಳಗೆ ಅವರೇ ತಮಿಳಿನಲ್ಲಿ, "ಅದು ಆಗಲೇ ಆಯಿತಲ್ಲ ಸಾರ್. ಬೆಳಿಗ್ಗೆ ಹನ್ನೊಂದಕ್ಕೆ ನಿಮ್ಮ ಅಕ್ಕನೇ ಬಂದು ತಮ್ಮ ಹೆಸರು ತೆಗೆಸಿದರು" ಎಂದರು.

ನಾನು ನಕ್ಕೆ. ಬೇರೆ ಯಾರೋ ಇರಬೇಕು, ನಮ್ಮ ಅಕ್ಕನ ಕಾಲಿಗೆ ಪ್ಲಾಸ್ಟರ್ ಹಾಕಿದೆ ಎಂದೆ. ಅವರು ಒಪ್ಪಲಿಲ್ಲ. ಸೊಂಟದಲ್ಲಿ ಬೀಗದ ಕೈ ಗೊಂಚಲಿತ್ತು, ಎಡಗೈಯಲ್ಲಿ ಬರೆದರು, ಮೆಟ್ಟಿಲು ಹತ್ತಿ ಬಂದರೂ ಏದುಸಿರಿರಲಿಲ್ಲ ಎಂದರು. ಕಾಫಿ ಬೇಡವೆಂದು ನೀರು ಕೇಳಿದರಂತೆ. ಗೋಡೆಯ ಮೇಲಿದ್ದ ವಿಯೆನ್ನಾದ ಚಿತ್ರದ ಮುಂದೆ ತುಂಬ ಹೊತ್ತು ನಿಂತು, ಕಿಟಕಿಗಳ ಮೇಲೆ ಒಂದೊಂದಾಗಿ ಬೆರಳಿಟ್ಟು ನೋಡಿದರಂತೆ. ನಾನೂ ತಿರುಗಿ ನೋಡಿದೆ. ಡಬ್ಬಿಯ ಮೇಲಿನ ಅದೇ ಹಳದಿ ಅರಮನೆ.

ರದ್ದಿಗೆ ಬರವಣಿಗೆಯಲ್ಲಿ ಬೇಕು ಎಂದು ಅವರು ಒಂದು ಚೀಟಿ ಬರೆಸಿಕೊಂಡಿದ್ದರು. "ಕನ್ನಡದಲ್ಲಿ ಬರೆದಿದ್ದಾರೆ, ಏನಂತ ಸ್ವಲ್ಪ ಓದಿ ಹೇಳಿ ಸಾರ್" ಎಂದು ಫೈಲಿನಿಂದ ತೆಗೆದು ನನ್ನ ಕೈಗೆ ಕೊಟ್ಟರು. ತಮಿಳನ್ನು ನೀರು ಕುಡಿದ ಹಾಗೆ ಮಾತಾಡುವ ಅಕ್ಕನಿಗೆ ಬರೆಯಲು ಬರುತ್ತಿದ್ದದ್ದು ಕನ್ನಡ ಮಾತ್ರ. ಎಡಗೈಯಲ್ಲೇ ಬರೆಯುವ ಅವಳ, ಎಡಕ್ಕೆ ವಾಲಿದ ಅದೇ ಅಕ್ಷರ. "ನನ್ನ ಹೆಸರು ತೆಗೆದುಬಿಡಿ. ನನ್ನ ತಮ್ಮನಿಗೆ ಕಿಟಕಿ ಪಕ್ಕ ಕೊಡಿ. ಕಿಟಕಿ ಇಲ್ಲದಿದ್ದರೆ ಅವನಿಗೆ ವಾಂತಿ ಬರುತ್ತೆ."

ಅದನ್ನು ಗಟ್ಟಿಯಾಗಿ ಓದಲು ನನ್ನ ಕೈಯಲ್ಲಿ ಆಗಲಿಲ್ಲ. ಪ್ರಯಾಣ ಒಗ್ಗುವುದಿಲ್ಲ ಅಂತ ಬರೆದಿದ್ದಾಳೆ ಎಂದು ಅಲ್ಲೂ ಒಂದು ಸುಳ್ಳು ಹೇಳಿದೆ. ಅವರಿಗೆ ಇಂಗ್ಲಿಷಿನಲ್ಲಿ ಬೇರೆ ಚೀಟಿ ಬರೆದುಕೊಟ್ಟು ಇದನ್ನು ಜೇಬಿಗೆ ಹಾಕಿಕೊಂಡೆ.

ಮನೆಗೆ ಹೇಗೆ ಬಂದೆನೋ ತಿಳಿಯದು. ವಿಮಲಳನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಕೇಳಿದೆ. ಬೆಳಗಿನಿಂದ ಅಕ್ಕ ಮಂಚ ಬಿಟ್ಟಿಳಿದಿರಲಿಲ್ಲ. ಹನ್ನೊಂದಕ್ಕೆ ವಿಮಲಳೇ ಅವಳ ತಲೆ ಬಾಚಿ ಜಡೆ ಹಾಕಿದ್ದಳು, ಎದುರು ಮನೆಯ ಮಾಮಿ ಪಕ್ಕದಲ್ಲೇ ಕೂತಿದ್ದರು. ಚೀಟಿ ತೋರಿಸಿದೆ. ವಿಮಲ ಗೋಡೆಗೆ ಸಿಕ್ಕಿಸಿದ್ದ, ಅಕ್ಕ ಬರೆದ ಸಾಮಾನಿನ ಪಟ್ಟಿಯ ಪಕ್ಕ ಅದನ್ನು ಹಿಡಿದು ನೋಡಿದಳು. ಅಕ್ಷರ ಒಂದೇ. ಚೀಟಿ ನನ್ನ ಕೈಗೆ ವಾಪಸು ಕೊಟ್ಟು ಸ್ಟೌ ಕಡೆ ತಿರುಗಿದಳು.

ಕೋಣೆಗೆ ಹೋದೆ. ಅಕ್ಕ ಕಾಲು ನೀಡಿಕೊಂಡು ಕರಿಬೇವು ಬಿಡಿಸುತ್ತಿದ್ದಳು.

"ಡೆಲ್ಲಿ ಟಿಕೆಟ್ ಆಯ್ತೇನೋ?"

"ಆಯ್ತಕ್ಕ."

"ಕಿಟಕಿ ಸಿಕ್ತಾ?"

ಸಿಕ್ಕಿತು ಎಂದೆ. ಸರಿ ಹಾಗಾದರೆ, ಹೊರಡೋ ಹೊತ್ತಿಗೆ ಹುಣಸೆಹಣ್ಣು ಜಾಸ್ತಿ ಹಾಕಿ ಚಟ್ನಿಪುಡಿ ಮಾಡಿಕೊಡ್ತೀನಿ ಎಂದಳು. ರೈಲಿನಲ್ಲೂ ನನಗೆ ಕಿಟಕಿಯೇ ಬೇಕು, ಆದ್ದರಿಂದ ಅದು ಸಹಜವಾದ ಪ್ರಶ್ನೆ ಎಂದು ಆವತ್ತಿನಿಂದ ನನಗೆ ನಾನೇ ಹೇಳಿಕೊಂಡಿದ್ದೇನೆ.

ಹೌದು, ಹೋದೆವು. ಇಲ್ಲ ಎಂದು ಬರೆಯುವ ಯೋಗ್ಯತೆ ನನಗಿಲ್ಲ. ಕಿಟಕಿ ಪಕ್ಕ ಕೂತೆ, ಏಳು ದಿನ ಅವಳ ಚಟ್ನಿಪುಡಿ ತಿಂದೆ. ವಾಪಸು ಬಂದು, ಡೆಲ್ಲಿಯದು ಎಂದು ಒಂದು ಉಣ್ಣೆಯ ಶಾಲು ಕೊಟ್ಟೆ. ಅಕ್ಕ ಅದನ್ನು ಕೆನ್ನೆಗೆ ಒತ್ತಿಕೊಂಡು ಕೇಳಿದಳು, "ಅರಮನೆ ಹಳದೀದೇನೋ?" ಹೌದೆಂದೆ. "ಕಾರಂಜಿಲಿ ನೀರು ಬರ್ತಿತ್ತಾ?" ಬರುತ್ತಿತ್ತೆಂದೆ. ಅಷ್ಟೇ, ಶಾಲು ಮಡಿಸಿ ತಲೆದಿಂಬಿನ ಕೆಳಗಿಟ್ಟುಕೊಂಡಳು.

ಚೀಟಿ ಇನ್ನೂ ನನ್ನ ಹತ್ತಿರವಿದೆ. ಅಕ್ಕನಿಗೆ ಯಾರೋ ತಿಳಿಸಿರಬೇಕು, ಅವಳು ಯಾರನ್ನೋ ಕಳಿಸಿರಬೇಕು ಎಂದು ಈ ಕಥೆ ಕೇಳಿದವರೆಲ್ಲ ಒಂದೊಂದು ವಿವರಣೆ ಕೊಟ್ಟಿದ್ದಾರೆ. ಪ್ರತಿಯೊಂದರಲ್ಲೂ ನನಗೆ ತೂತು ಕಾಣುತ್ತದೆ. ಕೇಳಿದ್ದರೆ ಅವಳೇ ಹೇಳುತ್ತಿದ್ದಳೇನೋ, ಆಮೇಲೂ ಆರು ವರ್ಷ ನಮ್ಮ ಜೊತೆಗೇ ಇದ್ದಳಲ್ಲ. ಆದರೆ ಕೇಳಬೇಕಾದರೆ ಅವಳ ಎದುರು ಒಂದು ಸಲವಾದರೂ ವಿಯೆನ್ನಾ ಎನ್ನಬೇಕಿತ್ತು. ಅವಳು ಕಣ್ಣು ಮುಚ್ಚುವವರೆಗೂ ನಾನು ಡೆಲ್ಲಿ ಎಂದೇ ಅಂದೆ.